ರಾಸ್ ಜರಬೂ ತಿರುವಿನ ಕಲ್ಲುಗಳು

ನವೆಂಬರ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಒಂಬತ್ತೂವರೆಗೆ ಸೀದಿ ಮಿಜ್ಯಾನ್ ಪೊಲೀಸ್ ಠಾಣೆಯ ಫೋನು ಹೊಡೆದುಕೊಂಡಿತು. ಹವಿಲ್ದಾರ್ ಬಖೀತ್‌ನ ಬಾಯಲ್ಲಿ ಬೇಯಿಸಿ ಮಸೆದ ಕಾಳಿನ ಫೂಲ್ ತುಂಬಿದ ರೊಟ್ಟಿಯಿತ್ತು. ಅದನ್ನು ನುಂಗುವವರೆಗೆ ಫೋನು ಕಾಯಬೇಕಾಯಿತು. ಆ ಠಾಣೆಯಲ್ಲಿ ಕಳ್ಳರೂ ದೂರುದಾರರೂ ಬಖೀತ್‌ನ ತಿಂಡಿ ಮುಗಿಯುವವರೆಗೆ ಕಾಯುವುದು ವಾಡಿಕೆ.

ಆ ಕಡೆ ಮಾತಾಡಿದ್ದು ಇಂಜಿನಿಯರ್ ನಿರ್ಮೀನ್. ರಾಸ್ ಜರಬೂ ಕಡಲತೀರದಲ್ಲಿ ಸೈನ್ಯ ಬಿಟ್ಟುಹೋಗಿ ಪಾಳುಬಿದ್ದಿದ್ದ ಶಿಬಿರವನ್ನು ಮತ್ತೆ ಜನ ಬಾಳುವ ಜಾಗ ಮಾಡುವ ಕೆಲಸ ಆಕೆಯ ಉಸ್ತುವಾರಿಯಲ್ಲಿ ನಡೆಯುತ್ತಿತ್ತು.

"ನಮ್ಮ ನೀರಿನ ಟ್ಯಾಂಕರ್ ಕಂದಕಕ್ಕೆ ಉರುಳಿದೆ. ಡ್ರೈವರ್ ಶಹಾತ ಹೋಗ್ಬಿಟ್ಟ."

"ಅಪಘಾತಾನಾ ಮೇಡಂ?"

"ಅಲ್ಲ. ಯಾರೋ ನೆಲಬಾಂಬಿನ ಗುರುತು ಕಲ್ಲು ಇಟ್ಟಿದ್ದಾರೆ."

"ಬಾಂಬು ಸಿಡೀತಾ?"

"ಬಾಂಬೇ ಇಲ್ರೀ ಅಲ್ಲಿ! ಎರಡು ವರ್ಷದ ಹಿಂದೇನೇ ಎಲ್ಲಾ ತೆಗೆದು ನೆಲ ಶುದ್ಧ ಮಾಡಿದ್ದಾರೆ. ಬರೀ ಕಲ್ಲು ನೋಡಿ ಸತ್ತ."

ಇನ್‌ಸ್ಪೆಕ್ಟರ್ ವಗ್ದಿ ಶಿನ್ನಾವಿ ಎಫ್‌ಐಆರ್‌ನಲ್ಲಿ ಮೊದಲು 'ವಾಹನ ಅಪಘಾತ' ಎಂದು ಬರೆಸಿದ. ಪಕ್ಕದಲ್ಲಿ 'ಅನುಮಾನಾಸ್ಪದ' ಎಂದು ತನ್ನ ಕೈಯಾರೆ ಸೇರಿಸಿದ. ತಾಂತಾ ಊರಿನವನು, ಐವತ್ತರ ಹತ್ತಿರದವನು, ಈ ಮರಳುನಾಡಿಗೆ ವರ್ಗವಾಗಿ ಬಂದು ಆರು ವರ್ಷ. ಹೊಟ್ಟೆಹುಣ್ಣಿನಿಂದಾಗಿ ಸೋಂಪಿನ ಕಷಾಯ ಬಿಟ್ಟರೆ ಬೇರೇನೂ ಕುಡಿಯುತ್ತಿರಲಿಲ್ಲ, ಸಿಡುಕು ಮಾತ್ರ ಧಾರಾಳವಾಗಿತ್ತು.

ಹತ್ತೂಮುಕ್ಕಾಲಿಗೆ ಜೀಪು ಶಿಬಿರ ತಲುಪಿತು. ಎಡಕ್ಕೆ ಸಮುದ್ರ, ಬಲಕ್ಕೆ ಸಾಲಾಗಿ ನಿಂತ ಹಳೇ ಬ್ಯಾರಕ್ಕುಗಳು. ಒಂದು ಗೋಡೆಯನ್ನೂ ಕೆಡವಬಾರದು, ಇರುವುದನ್ನೇ ಸುಣ್ಣ ಬಳಿದು ಕೋಣೆ ಮಾಡಬೇಕು, ಕರೆಂಟು ಬಿಸಿಲಿನಿಂದಲೇ ಬರಬೇಕು, ದಿಬ್ಬಗಳ ಮರಳು ಹಾರದಂತೆ ಇಲ್ಲಿಯದೇ ಹುಲ್ಲು ಪೊದೆ ನೆಡಬೇಕು ಎನ್ನುವುದು ನಿರ್ಮೀನಳ ಹಟ. ಆ ಸಸಿಗಳಿಗೆ ದಿನವೂ ನೀರು ಹೊಯ್ಯುತ್ತಿದ್ದವನೇ ಶಹಾತ.

ಜೀಪಿನಿಂದ ಇಳಿದ ಬಖೀತ್ ಒಂದು ಹೆಜ್ಜೆ ಮುಂದಿಡಲಿಲ್ಲ.

"ನಡೆಯೋ," ಎಂದ ವಗ್ದಿ.

"ನೀವು ನಡೀರಿ ಪಾಷಾ," ಎಂದ ಬಖೀತ್. ಅಲ್ಲಿ ಸಾಹೇಬರನ್ನು ಕರೆಯುವುದೇ ಹಾಗೆ. "ನಿಮ್ಮ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಬರ್ತೀನಿ. ನನಗೆ ನಾಲ್ಕು ಮಕ್ಕಳು."

"ನಾನು ಸತ್ರೆ ಪರವಾಗಿಲ್ಲ ಅಂತೀಯ."

"ನಿಮಗೆ ಸರ್ಕಾರಿ ಗೌರವ ಸಿಗತ್ತೆ ಪಾಷಾ. ನನ್ನ ಹೆಂಡ್ತಿಗೆ ಬೈಗುಳಾನೂ ಸಿಗಲ್ಲ."

ಸ್ಥಳ ಮಹಜರು ಹನ್ನೊಂದಕ್ಕೆ ಶುರುವಾಯಿತು. ಕಡಲ ದಿಬ್ಬದ ಪಕ್ಕದಲ್ಲಿ ಮಣ್ಣುದಾರಿ ತಿರುಗುವ ಕಡೆ, ಅಂಗಳದಷ್ಟು ಅಗಲದ ಮರಳಿನ ಸುತ್ತ ಹೊಸ ಮರದ ಗೂಟಗಳಿದ್ದವು. ಗೂಟಗಳ ಹೊರಗೆ ದಾರಿಯಂಚಿನುದ್ದಕ್ಕೂ ತೆಂಗಿನಕಾಯಿ ಗಾತ್ರದ ಬಣ್ಣದ ಕಲ್ಲುಗಳು. ಟ್ಯಾಂಕರಿನ ಗಾಲಿಗುರುತು ಕಲ್ಲುಗಳ ಎದುರು ಬಂದು ನಿಂತಿತ್ತು. ಅಲ್ಲಿಂದ ಕುಡಿದವನು ಓಡಿಸಿದಂತೆ ಸೊಟ್ಟಸೊಟ್ಟಗೆ ಹಿಂದಕ್ಕೆ ಹೋಗಿ, ಹಳೇ ಮಹಾಯುದ್ಧದವರು ಟ್ಯಾಂಕುಗಳನ್ನು ತಡೆಯಲು ತೋಡಿದ್ದ ಕಂದಕದ ಅಂಚಿನಲ್ಲಿ ಮುಗಿದಿತ್ತು. ಕೆಳಗೆ ಟ್ಯಾಂಕರ್ ಮಗುಚಿ ಬಿದ್ದಿತ್ತು. ಅದರ ನೀರನ್ನೆಲ್ಲ ಮರಳು ಕುಡಿದು ಮುಗಿಸಿತ್ತು.

ಕಣ್ಣಾರೆ ಕಂಡವನು ಒಬ್ಬನೇ, ಸಸಿಮಡಿಯ ಕೆಲಸಗಾರ ರಿಜ್ಕ್. ವಗ್ದಿ ಅವನನ್ನು ಹತ್ತಿರ ಕರೆದ.

"ಏನು ನೋಡಿದೆ?"

"ಗಾಡಿ ನಿಲ್ಲಿಸ್ದ. ತಲೆ ಹೊರಗೆ ಹಾಕಿ ಕಲ್ಲು ನೋಡ್ದ. 'ಕೆಂಪು ನನ್ನ ಕಡೆಗಿದೆ, ನಾನು ಒಳಗಿದ್ದೀನೋ ರಿಜ್ಕ್' ಅಂತ ಕಿರುಚಿದ."

"ಆಮೇಲೆ?"

"ಅಲ್ಲಾಡಬೇಡ ಅಂತ ಕೂಗ್ದೆ. ಅಷ್ಟರಲ್ಲಿ ರಿವರ್ಸ್ ಹಾಕ್ಬಿಟ್ಟಿದ್ದ."

"ಕೆಂಪು ನನ್ನ ಕಡೆಗಿದೆ ಅಂದ್ರೆ?"

ಉತ್ತರ ಕೊಟ್ಟಿದ್ದು ನಿರ್ಮೀನ್. ಕೆಲಸಕ್ಕೆ ಸೇರಿದ ದಿನವೇ ಪ್ರತಿಯೊಬ್ಬರಿಗೂ ಕಲಿಸುವ ಪಾಠ ಅದು. ಗುರುತುಕಲ್ಲಿನ ಒಂದು ಮುಖ ಕೆಂಪು, ಇನ್ನೊಂದು ಬಿಳಿ. ಕೆಂಪು ಮುಖ ಯಾವಾಗಲೂ ಅಪಾಯದ ಕಡೆಗೆ ತಿರುಗಿರಬೇಕು. ನಿಂತವನಿಗೆ ಬಿಳಿ ಕಂಡರೆ ಅವನು ಕ್ಷೇಮ. ಕೆಂಪು ಕಂಡರೆ ಅವನು ಆಗಲೇ ಬಾಂಬುಗಳ ನಡುವೆ ನಿಂತಿದ್ದಾನೆಂದು ಅರ್ಥ. ಆಗ ಒಂದು ಬೆರಳನ್ನೂ ಅಲ್ಲಾಡಿಸದೆ ಸಹಾಯಕ್ಕೆ ಕೂಗಬೇಕು. ಶಹಾತನಿಗೆ ಪಾಠದ ಮೊದಲರ್ಧ ನೆನಪಾಯಿತು, ಉಳಿದರ್ಧವನ್ನು ಭಯ ಮರೆಸಿತು. ಹಗ್ಗವನ್ನು ಹಾವೆಂದುಕೊಂಡವನನ್ನು ನೋಡಿ ನಾವು ನಗುತ್ತೇವೆ. ಇವನನ್ನು ನೋಡಿ ನಗುವಂತಿರಲಿಲ್ಲ.

ವಗ್ದಿ ದಾರಿಯ ಮೇಲೆ ನಿಂತು ನೋಡಿದ. ಕಲ್ಲುಗಳೆಲ್ಲ ಅವನಿಗೆ ಕೆಂಪು ಮುಖವನ್ನೇ ತೋರಿಸುತ್ತಿದ್ದವು.

"ಇಟ್ಟವನಿಗೆ ಈ ನಿಯಮ ಗೊತ್ತಿಲ್ಲ. ಕೆಂಪು ಕಂಡ್ರೆ ಜನ ಹೆದರ್ತಾರೆ ಅಂತ ಕೆಂಪನ್ನೇ ಹೊರಗೆ ತಿರುಗಿಸಿದ್ದಾನೆ. ನಿಮ್ಮ ಕೆಲಸದವರಲ್ಲ, ಹೊರಗಿನವನು," ಎಂದ.

"ಕಲ್ಲು ಎಲ್ಲಿಂದ ಬಂದ್ವು ಪಾಷಾ?" ಎಂದ ಬಖೀತ್.

"ಬ್ಯಾರಕ್ ಹಿಂದೆ ರಾಶಿ ಬಿದ್ದಿದ್ವು. ಬಾಂಬು ತೆಗೆಯೋರು ಉಳಿದಿದ್ದನ್ನ ಬಿಟ್ಟುಹೋಗಿದ್ರು," ಎಂದಳು ನಿರ್ಮೀನ್.

ಟ್ಯಾಂಕರಿನ ಒಳಗಿನ ಮಹಜರಿನಲ್ಲಿ ಸಿಕ್ಕಿದ್ದು ಸ್ವಲ್ಪವೇ. ಚಾಲನಾ ಪರವಾನಗಿ, ಒಂದು ಸಿಗರೇಟು ಪ್ಯಾಕು, ತಾಯಿಯದೆಂದು ಕಾಣುವ ಒಂದು ಭಾವಚಿತ್ರ, ಬಟ್ಟೆಯಲ್ಲಿ ಸುತ್ತಿದ ಅರ್ಧ ಜವೆಗೋಧಿ ರೊಟ್ಟಿ ಮತ್ತು ಖರ್ಜೂರ. ಬಖೀತ್ ರೊಟ್ಟಿ ಮುಟ್ಟಿ ನೋಡಿ, "ಇವತ್ತಿನದೇ," ಎಂದ. ರೊಟ್ಟಿಯ ವಿಷಯದಲ್ಲಿ ಅವನ ಮಾತನ್ನು ಯಾವ ನ್ಯಾಯಾಲಯವೂ ಒಪ್ಪಬಹುದಿತ್ತು.

ದಮನ್‌ಹೂರಿನಲ್ಲಿದ್ದ ಶಹಾತನ ತಾಯಿಗೆ ಫೋನು ಮಾಡಿದ್ದು ವಗ್ದಿಯೇ. ಅಂಥ ಫೋನುಗಳನ್ನು ಅವನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಆ ಹೆಂಗಸು ಮಗನ ಹೆಸರನ್ನು ಅವನಿಂದ ಎರಡು ಸಲ ಹೇಳಿಸಿದಳು. ಆಮೇಲೆ, "ಅವನು ಏನಾದ್ರೂ ತಿಂದಿದ್ನಾ?" ಎಂದು ಕೇಳಿದಳು. ವಗ್ದಿ ಬಟ್ಟೆಗಂಟನ್ನು ನೋಡಿ, "ತಿಂದಿದ್ದ ತಾಯಿ, ತಿಂದಿದ್ದ," ಎಂದ.

ಊರಿನಲ್ಲಿ ಈ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದವನು ಅಬ್ದರಬ್ಬು ಒಬ್ಬನೇ. ಶಿಬಿರದ ಬೇಲಿಗೆ ತಾಗಿದಂತೆ ಅವನ ಅಂಜೂರದ ತೋಟ. ಸೈನ್ಯ ಬರುವ ಮೊದಲು ದಿಬ್ಬದವರೆಗಿನ ನೆಲವೆಲ್ಲ ತನ್ನ ಅಜ್ಜನದು ಎಂದು ಸಭೆಯಲ್ಲಿ ಎದ್ದು ನಿಂತು ಕೂಗಿದ್ದ. ಅವನಿಗೆ ಕಲ್ಲಿನ ಪಾಠ ಯಾರೂ ಹೇಳಿರಲಿಲ್ಲ. ಸಂಜೆಯ ಹೊತ್ತಿಗೆ ಅವನು ಠಾಣೆಯಲ್ಲಿದ್ದ.

"ಬೆಳಿಗ್ಗೆ ಎಲ್ಲಿದ್ದೆ?"

"ತೋಟದಾಗ."

"ನೋಡಿದವರು?"

"ಅಂಜೂರದ ಗಿಡ."

"ತಮಾಷೆ ಮಾಡ್ತೀಯಾ?"

"ನೀವ ಕೇಳಿದ್ರಿ, ಹೇಳಿದೆ."

"ಕಲ್ಲು ಇಟ್ಟಿದ್ದು ನೀನು."

"ನಾ ಹೆದರಿಸೂದಾದ್ರ ಬಂದೂಕ ತಗೊಂಡ ಎದುರಿಗೆ ಬರ್ತೀನ್ರಿ. ಬಣ್ಣದ ಕಲ್ಲಿನಾಗ ಆಡೂದು ಸಣ್ಣ ಹುಡುಗ್ರ ಕೆಲಸ."

"ಹಾಗಾದ್ರೆ ಯಾರು ಇಟ್ರು?"

ಅಲ್ಲಿಯವರೆಗೆ ಪಟಪಟ ಉತ್ತರ ಕೊಡುತ್ತಿದ್ದವನು ಆ ಪ್ರಶ್ನೆಗೆ ನೆಲ ನೋಡಿದ. "ನನಗ ಗೊತ್ತಿಲ್ಲ" ಎಂದೂ ಹೇಳಲಿಲ್ಲ. ಮೂರು ಸಲ ಕೇಳಿದರೂ ಬಾಯಿ ಬಿಡಲಿಲ್ಲ. ಮೌನವನ್ನು ಪೊಲೀಸರು ತಪ್ಪೊಪ್ಪಿಗೆಯ ತಮ್ಮನೆಂದು ತಿಳಿಯುತ್ತಾರೆ. ವಗ್ದಿಯೂ ಹಾಗೇ ತಿಳಿದು ಅವನನ್ನು ಲಾಕಪ್ಪಿಗೆ ಹಾಕಿಸಿದ.

ಶುಕ್ರವಾರ ನಮಾಜು ಮುಗಿದ ಮೇಲೆ ವಗ್ದಿ ಇನ್ನೊಮ್ಮೆ ಶಿಬಿರಕ್ಕೆ ಹೋದ. ಕೆಲಸ ನಿಂತಿತ್ತು. ಬ್ಯಾರಕ್ಕಿನ ನೆರಳಿನಲ್ಲಿ ಕೆಲಸಗಾರರು ತಲೆ ತಗ್ಗಿಸಿ ಕೂತಿದ್ದರು. ರಿಜ್ಕ್‌ನನ್ನು ಪಕ್ಕಕ್ಕೆ ಕರೆದ.

"ಶಹಾತನ ಗಾಡೀಲಿ ರೊಟ್ಟಿ ಇತ್ತು. ನಿಮ್ಮ ಅಡುಗೆಮನೇದಾ?"

"ಅಲ್ಲ ಪಾಷಾ. ಗುರುವಾರದ ರಹ್ಮ."

ಸತ್ತವರ ಹೆಸರಿನಲ್ಲಿ ದಾರಿಹೋಕರಿಗೆ ಹಂಚುವ ರೊಟ್ಟಿ, ಖರ್ಜೂರ. ತೆಗೆದುಕೊಂಡವರು 'ದೇವರು ಕರುಣೆ ತೋರಲಿ' ಎಂದರೆ ಆ ಪುಣ್ಯ ಸತ್ತವರಿಗೆ ಸೇರುತ್ತದೆ. ತಾಂತಾದಲ್ಲಿ ವಗ್ದಿಯ ಅಜ್ಜಿಯೂ ಗುರುವಾರ ತಪ್ಪದೆ ಹಂಚುತ್ತಿದ್ದಳು.

"ಯಾರು ಕೊಡೋದು?"

"ಮಸ್ತೂರಾ ಅಂತ, ಪಕ್ಕದ ಹಟ್ಟಿಯ ಮುದುಕಿ. ನಾವೆಲ್ಲ ಹಾಜ್ಜಾ ಅಂತೀವಿ. ಕತ್ತೆ ಹೊಡ್ಕೊಂಡು ಬಂದು ದಿಬ್ಬದ ತಿರುವಲ್ಲಿ ಕೂತಿರ್ತಾಳೆ. ಹೋಗೋ ಬರೋರಿಗೆಲ್ಲ ಕೊಡ್ತಾಳೆ."

"ಯಾವಾಗಿಂದ?"

"ಬಾಂಬು ತೆಗೆದು ದಾರಿ ಬಿಟ್ಟಾಗಿಂದ."

"ಯಾರ ಹೆಸರಲ್ಲಿ?"

ರಿಜ್ಕ್ ಪೆಚ್ಚಾದ. "ಕೇಳಿಲ್ಲ ಪಾಷಾ. ರಹ್ಮ ಕೊಟ್ರೆ ಇಸ್ಕೊಂಡು ದುಆ ಮಾಡೋದು. ಯಾರು ಸತ್ರು ಅಂತ ಯಾರು ಕೇಳ್ತಾರೆ?"

ನಿಜ, ಯಾರೂ ಕೇಳುವುದಿಲ್ಲ. ಅದು ಮರ್ಯಾದೆ ಎಂದೇ ಎಲ್ಲರೂ ತಿಳಿದಿದ್ದೇವೆ. ಎರಡು ವರ್ಷ ಒಬ್ಬ ಮುದುಕಿ ಒಂದೇ ಜಾಗದಲ್ಲಿ ಕೂತು ಒಂದೇ ಹೆಸರಿಗೆ ರೊಟ್ಟಿ ಹಂಚಿದಳು. ನೂರು ಬಾಯಿ ತಿಂದವು, ಒಂದು ಬಾಯಿಯೂ ಆ ಹೆಸರು ಕೇಳಲಿಲ್ಲ.

"ನಿನ್ನೆ ತಿರುವಲ್ಲಿ ಕೂತಿದ್ಳಾ?"

ರಿಜ್ಕ್ ಯೋಚಿಸಿದ. "ಇಲ್ಲ. ನಿನ್ನೆ ಗೇಟ್ ಹತ್ರಾನೇ ನಿಂತಿದ್ಳು. ಅದೇ ಮೊದಲು. ನಾನು ಶಹಾತನ ಜೊತೇಲೇ ಇದ್ದೆ. ಅವನಿಗೆ ರೊಟ್ಟಿ ಕೊಟ್ಟು, 'ಇವತ್ತ ದಿಬ್ಬದ ಕಡೆ ಹೋಗಬ್ಯಾಡ ಮಗಾ' ಅಂದ್ಳು."

"ಅವನೇನಂದ?"

"ನಕ್ಕ. 'ಸಸಿ ಒಣಗಿದ್ರೆ ಮೇಡಂ ನನ್ನನ್ನೇ ಅಲ್ಲಿ ನೆಡ್ತಾರೆ ಹಾಜ್ಜಾ' ಅಂದ."

ಇದನ್ನು ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ವಗ್ದಿ ಗದರಲಿಲ್ಲ. ನಿನ್ನೆ ಅವನೂ ರೊಟ್ಟಿಯನ್ನು ಮಹಜರಿಗೆ ಸೇರಿಸಿ ಬದಿಗಿಟ್ಟಿದ್ದ. ನೇರ ನಿರ್ಮೀನಳ ಕೋಣೆಗೆ ನಡೆದ.

"ಆ ಕಲ್ಲುಗಳಿಗೆ ಬಣ್ಣ ಹೊಡೆದವರು ಯಾರು ಮೇಡಂ?"

"ಹಟ್ಟಿಯ ಹೆಂಗಸರು. ಬಾಂಬು ತೆಗೆಯೋ ತಂಡ ಅವರನ್ನ ಕೂಲಿಗೆ ಕರೆದಿತ್ತು."

"ಯಾವ ಬಣ್ಣ ಯಾವ ಕಡೆಗೆ ಅಂತ ಅವರಿಗೆ ಹೇಳಿದ್ರಾ?"

"ಹೇಳದೆ ಇರ್ತಾರಾ? ಮೊದಲು ಅವರಿಗೇ ಹೇಳಿದ್ದು."

ವಗ್ದಿ ಕುರ್ಚಿ ಎಳೆದು ಕೂತ. ಗೊತ್ತಿಲ್ಲದವನು ಇಟ್ಟಿದ್ದಾನೆಂದು ತಾನು ಕಟ್ಟಿದ ಗೋಡೆ ಒಂದೇ ಮಾತಿಗೆ ಕುಸಿದಿತ್ತು.

"ಆ ತಿರುವಿನ ಗೂಟಗಳು ಯಾವಾಗ ಹೊಡೆದಿದ್ದು?"

"ಬುಧವಾರ ಸಂಜೆ."

"ಅಲ್ಲಿ ಏನು ಕಟ್ತೀರಿ?"

"ಏನೂ ಇಲ್ಲ."

"ಗೂಟ ಯಾಕೆ ಹಾಗಾದ್ರೆ?"

"ಯಾರೂ ಕಾಲಿಡಬಾರದು ಅಂತ. ಆ ದಿಬ್ಬದಲ್ಲಿ ಕಡಲ ಲಿಲ್ಲಿ ಅನ್ನೋ ಹೂವಿನ ಗಿಡ ತಾನಾಗೇ ಬೆಳೆದಿದೆ. ಇಡೀ ತೀರದಲ್ಲಿ ಅಲ್ಲಿ ಮಾತ್ರ. ಹಗ್ಗ ಕಟ್ಟಿ, ಹಾಗೇ ಬಿಟ್ಟುಬಿಡೋದು. ಇನ್ನು ನೂರು ವರ್ಷ ಅಲ್ಲಿ ಒಂದು ಗುದ್ದಲಿ ಬೀಳಲ್ಲ."

"ಇದನ್ನ ಊರವರಿಗೆ ಹೇಳಿದ್ರಾ?"

"ಹೇಳಿದ್ವಿ. ಸಭೆ ಕರೆದು, ನಕ್ಷೆ ತೋರಿಸಿ ಹೇಳಿದ್ವಿ." ಅವಳ ದನಿ ಸಣ್ಣದಾಯಿತು. "ಗಂಡಸರು ಬಂದಿದ್ರು."

"ಹೆಂಗಸರು?"

"ಅವರನ್ನ ಕರೆಯೋ ಪದ್ಧತಿ ಇಲ್ಲ ಅಂದ್ರು."

ವಗ್ದಿ ಅವಳ ಹೇಳಿಕೆಯನ್ನು ಬರೆಸಿಕೊಂಡು ಸಹಿ ಹಾಕಿಸಿದ. ಸಹಿ ಹಾಕುವಾಗ ಅವಳಿಗೆ ಏನೋ ಹೊಳೆದಿರಬೇಕು, "ಯಾಕೆ ಇನ್‌ಸ್ಪೆಕ್ಟರ್? ಆ ಜಾಗದಲ್ಲಿ ಏನಿದೆ?" ಎಂದಳು. "ಇನ್ನೂ ಗೊತ್ತಿಲ್ಲ," ಎಂದು ಅವನು ಹೊರಬಿದ್ದ.

ಗೊತ್ತಿದ್ದವನು ಲಾಕಪ್ಪಿನಲ್ಲಿದ್ದ. ವಗ್ದಿ ಬಾಗಿಲು ತೆಗೆಸಿದ.

"ಹೋಗು, ನಿನ್ನನ್ನ ಬಿಟ್ಟಿದ್ದೀನಿ. ಒಂದೇ ಪ್ರಶ್ನೆ. ಮಸ್ತೂರಾ ಮನೇಲಿ ಯಾರು ತೀರಿಕೊಂಡಿದ್ದಾರೆ?"

ಅಬ್ದರಬ್ಬು ತಲೆವಸ್ತ್ರ ಸುತ್ತಿಕೊಳ್ಳುತ್ತಿದ್ದ ಕೈ ನಿಲ್ಲಿಸಿದ. "ಅದನ್ನ ನನ್ನ ಬಾಯಿಂದ ಕೇಳಬ್ಯಾಡ್ರಿ ಸಾಹೇಬ್ರ."

"ನಿನ್ನೆ ಅವಳನ್ನ ನೋಡಿದ್ದೆ ನೀನು."

"ಅಂಜೂರದ ಗಿಡ ನೋಡಿರಬೇಕು."

"ಒಂದು ಮಾತು ಹೇಳಿದ್ರೆ ರಾತ್ರಿ ಮನೇಲಿ ಮಲಗ್ತಿದ್ದೆಯಲ್ಲೋ."

"ಮಲಗ್ತಿದ್ದೆ. ಬೆಳಿಗ್ಗೆ ಎದ್ದು ಮಂದೀಗೆ ಹೆಂಗ ಮುಖ ತೋರಿಸ್ಲಿ? ವಿಧವೀನ್ನ ಪೊಲೀಸರಿಗೆ ಕೊಟ್ಟಾವ ಅಂತ ನನ್ನ ಮೊಮ್ಮಕ್ಕಳನ್ನೂ ಕರೀತಾರ್ರಿ." ಬಾಗಿಲ ಹತ್ತಿರ ಹೋಗಿ ತಿರುಗಿದ. "ಆಕೀ ಮನಿಯಾಗ ದನಿ ಏರಿಸಬ್ಯಾಡ್ರಿ. ಅಷ್ಟ ಕೇಳ್ಕೋತೀನಿ."

ಶನಿವಾರ ಬೆಳಿಗ್ಗೆ ಎಂಟಕ್ಕೆ ವಗ್ದಿ ಮತ್ತು ಬಖೀತ್ ಹಟ್ಟಿಗೆ ಹೋದರು. ಒಂದು ಕೋಣೆಯ ಕಲ್ಲಿನ ಮನೆ, ಪಕ್ಕದಲ್ಲಿ ಮಣ್ಣಿನ ಒಲೆ, ಒಲೆಯ ಹಿಂದೆ ಕತ್ತೆ. ಮಸ್ತೂರಾಗೆ ಎಪ್ಪತ್ತರ ಹತ್ತಿರ. ಬಂದವರು ಯಾರೆಂದು ಕೇಳದೆಯೇ ಚಾಪೆ ಹಾಸಿ, ಕೆಂಡದ ಮೇಲೆ ಚಹಾ ಇಟ್ಟಳು. ಗಾಜಿನ ಲೋಟಗಳನ್ನು ಮುಂದೆ ಇಟ್ಟಾಗ ಬಖೀತ್ ಕೈ ಚಾಚಿದ. ವಗ್ದಿ ಅವನ ಮೊಣಕೈ ಹಿಡಿದು ತಡೆದ. ಮನೆಯ ಚಹಾ ಕುಡಿದವನು ಆ ಮನೆಗೆ ಕೇಡು ಮಾಡುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ.

ಮುದುಕಿ ಅದನ್ನು ನೋಡಿದಳು. ಲೋಟಗಳನ್ನು ನಿಧಾನವಾಗಿ ತನ್ನ ಕಡೆಗೆ ಎಳೆದುಕೊಂಡಳು.

"ಚಹಾ ಒಲ್ಲೆ ಅಂದ್ರ ಕೆಲಸದ ಮ್ಯಾಲೆ ಬಂದೀರಿ. ಕೇಳ್ರಿ."

"ಶಹಾತನ್ನ ಗೊತ್ತಿತ್ತಾ ತಾಯಿ?"

"ಗೊತ್ತಿತ್ತು. ನನ್ನ ನೀರಿನ ಕ್ಯಾನ್ ಅವನ ತುಂಬತಿದ್ದ. ನನ್ನ ಕೈ ಹಚ್ಚಾಕ ಬಿಡ್ತಿರಲಿಲ್ಲ."

"ತಿರುವಿನ ಕಲ್ಲು ಇಟ್ಟವರು ಯಾರು?"

"ನಾನ."

"ಯಾವಾಗ?"

"ಗುರುವಾರ ಬೆಳಿಗ್ಗೆ. ಗಂಡಸರು ನಮಾಜಿಗೆ ನಿಂತಾಗ. ಕತ್ತೆ ಮ್ಯಾಲೆ ಹೇರ್ಕೊಂಡ ಒಯ್ದೆ."

"ಯಾರಾದ್ರೂ ಸಹಾಯ ಮಾಡಿದ್ರಾ?"

"ನನಗ ಯಾರದಾರ ಸಹಾಯಕ್ಕ?"

"ಯಾಕೆ ಇಟ್ರಿ?"

ಬಖೀತ್ ಬರೆಯುವುದನ್ನು ನಿಲ್ಲಿಸಿದ. ಮುದುಕಿ ಕೆಂಡವನ್ನು ಕೆದಕುತ್ತ ಕೂತಳು. ಆಮೇಲೆ ಅಳದೆ, ನಿಲ್ಲದೆ ಹೇಳಿದಳು.

"ಇದ್ರೀಸ್ ಅಂತ ನನ್ನ ಮಗಾ. ಒಬ್ಬನ ಮಗಾ. ಆಗ ಆ ದಿಬ್ಬದಾಗೆಲ್ಲ ಬಾಂಬು ಇದ್ದೂ. ಒಂದ ಕುರಿಮರಿ ತಂತಿಬೇಲಿ ನುಸುಳಿ ಒಳಗ ಹೋತು. ಹೋಗ್ಲಿ ಬಿಡೋ ಅಂದೆ. ಅದರ ತಾಯಿ ಒದರಾಕ ಹತ್ತೇತಿ ನೋಡವ್ವಾ ಅಂದ, ಹೋದ. ನಾ ಇಲ್ಲೇ ಈ ಒಲಿ ಮುಂದ ಇದ್ದೆ, ಸಪ್ಪಳಾ ಕೇಳಿಸ್ತು. ಸಿಪಾಯಿಗೋಳು ಬೇಲಿ ಹತ್ರ ಸಿಕ್ಕಿದ್ದಷ್ಟ ತಂದು ಕೊಟ್ರು. ಒಂದ ಚೀಲದಾಗ. ಉಳಿದಿದ್ದ ತರಾಕ ಒಳಗ ಹೋಗಾಕ ಆಗಲ್ಲ ಅಂದ್ರು. ಆ ಚೀಲಾನ ಗೋರಿಯಾಗ ಇಟ್ಟೀವಿ. ಹದಿನೇಳು ವರ್ಷ ಬೇಲಿ ಹೊರಗ ನಿಂತು ನೋಡೀನಿ. ಬಾಂಬು ತಗದ ಮ್ಯಾಲೆ ಮೊದಲನೇ ಸಲ ಅವನ ಹತ್ರ ಹೋಗಿ ಕೂತೆ. ಉಳಿದ ನನ್ನ ಮಗಾ ಅಲ್ಲೇ ಅದಾನ ಸಾಹೇಬ್ರ. ಆ ಉಸುಕಿನಾಗ."

ಹೊರಗೆ ಕತ್ತೆ ಕಾಲು ಬದಲಿಸಿತು. ವಗ್ದಿ ಫೈಲಿನ ಪುಟ ತಿರುವಿದ.

"ಬುಧವಾರ ಗೂಟ ನೋಡಿದ್ರಿ."

"ನೋಡಿದೆ. ಬ್ಯಾರಕಿನ ಕಡೆ ಹಿಂಗ ಗೂಟ ಹೊಡದ್ರು, ಮರುದಿನ ಮಷೀನ್ ಬಂದು ಅಗದ್ವು. ನನ್ನ ಮಗನ್ನೂ ಅಗೀತಾರ ಅಂದ್ಕೊಂಡೆ."

"ಮೇಡಂಗೆ ಒಂದು ಮಾತು ಹೇಳಬಹುದಿತ್ತಲ್ಲ."

"ಏನಂತ ಹೇಳ್ಲಿ? ಇಲ್ಲಿ ಗೋರಿ ಐತಿ ಅಂತನಾ? ಗೋರಿ ಊರಾಗ ಐತಿ, ಕಲ್ಲಿನ ಮ್ಯಾಲೆ ಹೆಸರೂ ಐತಿ. ಮುದುಕಿಗೆ ತಲಿ ಕೆಟ್ಟೈತಿ ಅಂತಾರ. ಕಲ್ಲು ಕಂಡ್ರ ಮಾತಿಲ್ಲದ ಎಲ್ಲಾರೂ ತಿರುಗಿ ಹೋಗ್ತಾರ. ಇದ್ರೀಸ್ ಹೋದಾಗಿಂದ ಈ ಊರಾಗ ಕಲ್ಲ ದಾಟಿದಾವ್ರ ಇಲ್ಲ."

"ಕೆಂಪು ಯಾವ ಕಡೆ ಇರಬೇಕು ಅಂತ ನಿಮಗೆ ಗೊತ್ತಿತ್ತು."

"ನೂರಾರು ಕಲ್ಲಿಗೆ ಬಣ್ಣಾ ಹಚ್ಚೀನಿ. ಅಪಾಯ ಇದ್ದ ಕಡೆ ಕೆಂಪು."

"ಮತ್ತೆ ಹೊರಗೆ ಯಾಕೆ ತಿರುಗಿಸಿದ್ರಿ? ಬಿಳಿ ಹೊರಗಿದ್ದಿದ್ರೆ ಶಹಾತ ಸುಮ್ಮನೆ ಪಕ್ಕದಲ್ಲಿ ಹೋಗ್ತಿದ್ದ."

"ಮೊದಲನೇ ಕಲ್ಲ ಹಂಗ ಇಟ್ಟಿದ್ದೆ, ಬಿಳಿ ಹೊರಗ ಮಾಡಿ." ಅವಳು ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದಳು. "ಕೆಂಪು ನನ್ನ ಮಗನ ಕಡೆ ಆತು. ಅವ ಯಾರಿಗೆ ಅಪಾಯ ಮಾಡ್ಯಾನ್ರಿ? ಒಂದ ಮರಿ ತರಾಕ ಹೋದ ಹುಡುಗ. ಅವನ ಕಡೆ ಕೆಂಪು ತಿರುಗಿಸಾಕ ನನ್ನ ಕೈ ಬರಲಿಲ್ಲ."

ಬಖೀತ್ ಪೆನ್ನನ್ನು ಕಾಗದದ ಮೇಲೆ ಇಟ್ಟುಬಿಟ್ಟ.

"ಆಮ್ಯಾಲೆ ಹೆದರಿಕಿ ಬಂತು. ಗೇಟಿನ ಹತ್ರ ನಿಂತೆ, ಬಂದಾವ್ರಿಗೆಲ್ಲ ಹೇಳಿದೆ. ಶಹಾತಗೂ ಹೇಳಿದೆ. ಅವ ನಕ್ಕ. ನಾನೂ ಅವನ ಸಂಗಾಟ ನಕ್ಕೆ." ಅವಳು ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. "ಸತ್ತ ಮಗನ್ನ ಕಾಯಾಕ ಹೋಗಿ, ಇನ್ನೊಬ್ಬಾಕಿಯ ಬದುಕಿದ್ದ ಮಗನ್ನ ತಿಂದೆ. ನಡೀರಿ, ಎಲ್ಲಿಗೆ ಬರ್ಲಿ?"

ಬಂಧನದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಾಗ ಒಂಬತ್ತು ಗಂಟೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪ, ಸರ್ಕಾರಿ ಅಭಿಯೋಜಕರ ಮುಂದೆ ಹಾಜರುಪಡಿಸುವುದು ಎಂದು ವಗ್ದಿ ಓದಿ ಹೇಳಿದ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಕತ್ತೆಗೆ ಹುಲ್ಲು ಹಾಕಿ, ಒಲೆಯ ಬೂದಿ ಮುಚ್ಚಿ, ಜೀಪಿನ ಹತ್ತಿರ ಬಂದವಳು ಹತ್ತುವ ಮೊದಲು ನಿಂತಳು.

"ಒಂದ ಕೇಳ್ತೀನಿ ಸಾಹೇಬ್ರ. ಅಲ್ಲಿ ಏನ ಕಟ್ಟಾವ್ರಿದ್ರು?"

ಬಖೀತ್ ಇನ್‌ಸ್ಪೆಕ್ಟರನ ಮುಖ ನೋಡಿದ. ನಿರ್ಮೀನಳ ಸಹಿ ಇದ್ದ ಹೇಳಿಕೆ ವಗ್ದಿಯ ಕಂಕುಳಲ್ಲಿದ್ದ ಫೈಲಿನೊಳಗೇ ಇತ್ತು.

"ಕಾರು ನಿಲ್ಲಿಸೋಕೆ ಜಾಗ, ತಾಯಿ," ಎಂದ ವಗ್ದಿ. "ಡಾಂಬರು ಹಾಕೋರಿದ್ರು."

"ಡಾಂಬರು." ಮುದುಕಿ ಉಸಿರು ಬಿಟ್ಟಳು. "ಹಂಗಾರ ನಾ ಸುಮ್ಮ ಸುಮ್ಮನ ಮಾಡಿದ್ದಲ್ಲ."

"ಅಲ್ಲ ತಾಯಿ."

"ಈಗ?"

"ಈಗ ಹಾಕಲ್ಲ. ಆ ಜಾಗ ಹಾಗೇ ಬಿಡ್ತಾರೆ. ನಾನು ಹೇಳ್ತೀನಿ."

ಅವಳನ್ನು ಕೂರಿಸಿ ಬಾಗಿಲು ಹಾಕಿದ ಮೇಲೆ ಬಖೀತ್ ಜೀಪಿನ ಹಿಂದಕ್ಕೆ ಬಂದು ಪಿಸುಗುಟ್ಟಿದ. "ಪಾಷಾ, ಕೋರ್ಟಲ್ಲಿ ಮೇಡಂ ಹೇಳಿಕೆ ಓದ್ತಾರಲ್ಲ?"

"ಓದ್ತಾರೆ."

"ಆಗ ಗೊತ್ತಾಗತ್ತಲ್ಲ, ಅಲ್ಲಿ ಏನೂ ಕಟ್ತಿರಲಿಲ್ಲ ಅಂತ."

"ಗೊತ್ತಾಗತ್ತೆ. ಇವತ್ತು ಬೇಡ ಕಣೋ. ಇವತ್ತು ಬೇಡ."

ಪ್ರಕರಣದ ಕೊನೆಯ 'ಪ್ರೇರಣೆ' ಎಂಬ ಸಾಲಿನ ಮುಂದೆ ಇನ್‌ಸ್ಪೆಕ್ಟರ್ ವಗ್ದಿ ಶಿನ್ನಾವಿ ಆಮೇಲೆ ಬರೆದದ್ದು ಇಷ್ಟು: ಆರೋಪಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ಮಗನ ಶರೀರದ ಸಿಕ್ಕದ ಭಾಗ ಆ ಮರಳಿನಲ್ಲಿದೆಯೆಂದು ನಂಬಿ, ಅದನ್ನು ಯಾರೂ ಅಗೆಯದಿರಲೆಂದು ಮಾಡಿದ ಕೃತ್ಯ. ಯಾರಾದರೂ ಒಬ್ಬರು ಆಕೆಯನ್ನು ಒಂದು ಮಾತು ಕೇಳಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ ಎಂದೂ ಸೇರಿಸಿದ. ಮೇಲಧಿಕಾರಿಗಳು ಆ ಸಾಲನ್ನು ಹೊಡೆದುಹಾಕಿದರು, ಅದು ತನಿಖೆಗೆ ಸಂಬಂಧಪಟ್ಟದ್ದಲ್ಲವಂತೆ.

ಆ ಬೆಳಿಗ್ಗೆ ಜೀಪು ದಿಬ್ಬದ ತಿರುವಿಗೆ ಬಂದಾಗ, ಯಾರೂ ಹೇಳದಿದ್ದರೂ ಬಖೀತ್ ಗಾಡಿ ನಿಧಾನ ಮಾಡಿದ. ಮುದುಕಿ ನೋಡಿಕೊಳ್ಳಲಿ ಎಂದು ದಿಬ್ಬದ ಬದಿಗೆ ಇನ್ನಷ್ಟು ಒತ್ತಿಕೊಂಡು ಹೋದ. ಮಸ್ತೂರಾ ದಿಬ್ಬದ ಕಡೆ ತಿರುಗಲಿಲ್ಲ. ಇನ್ನೊಂದು ಕಿಟಕಿಯಿಂದ ಕಂದಕವನ್ನೇ ನೋಡುತ್ತಿದ್ದಳು.

"ಅವನ ತಾಯಿ ಹೆಸರೇನ್ರಿ?" ಎಂದು ಕೇಳಿದಳು.

"ನಈಮಾ," ಎಂದ ವಗ್ದಿ.